ಸ್ಯಾಂಪಲ್ ಅಕ್ಕನ ಕಾರುಗಳು

ಸ್ಯಾಂಪಲ್ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಬಿಚ್ಚಿಕೊಂಡು ಕೂತಿದ್ದೆ. ಫೋನ್ ಮಾಡಿದವರು ಅವರ ತಮ್ಮ, ಮಡಕಶಿರಾ ಕಡೆಯ ಹಳ್ಳಿಯಿಂದ. ಮೂರು ದಿನ ಜ್ವರ, ನಾಲ್ಕನೆಯ ದಿನ ಬೆಳಿಗ್ಗೆ ಇಲ್ಲ. "ಅಕ್ಕನ ಪುಸ್ತಕದಾಗೆ ಮೊದಲನೇ ಪುಟದಲ್ಲೇ ನಿಮ್ ನಂಬರ್ ಬರ್ದಿತ್ತು ಸಾರ್. ಪಕ್ಕದಾಗೆ ಬ್ರೇಕ್ ಆಯಿಲ್ ಅಂತಿತ್ತು. ಅಂಗಡಿಯವರೇನೋ ಅನ್ಕೊಂಡೆ" ಎಂದರು. ನಾನು ಅಂಗಡಿಯವನಲ್ಲ, ಅಕ್ಕನ ಜೊತೆ ಕೆಲಸ ಮಾಡಿದವನು ಎಂದೆ.

ಬಳ್ಳಾರಿಗೆ ಹತ್ತಿರದ, ಆಂಧ್ರದ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳು ಬೀದಿಗೊಂದರಂತೆ ಏಳುತ್ತಿದ್ದ ಕಾಲ. ಅಂಥ ಒಂದು ಯೂನಿಟ್ಟಿನಲ್ಲಿ ನಾನು ಹೊಲಿಗೆ ಯಂತ್ರಗಳ ಮೆಕ್ಯಾನಿಕ್ಕು. ಅವರು ಸ್ಯಾಂಪಲ್ ಟೈಲರ್. ಹೊಸ ಮಾದರಿಯ ಪ್ಯಾಂಟು ಯಂತ್ರಗಳ ಸಾಲಿಗೆ ಹೋಗಿ ಸಾವಿರಗಟ್ಟಲೆ ತಯಾರಾಗುವ ಮೊದಲು ಅದನ್ನು ಒಬ್ಬರೇ ಪೂರ್ತಿ ಹೊಲಿದು ನೋಡಬೇಕು. ಎಲ್ಲಿ ಎಳೆಯುತ್ತದೆ, ಎಲ್ಲಿ ಸುಕ್ಕುಗಟ್ಟುತ್ತದೆ, ಯಾವ ಭಾಗ ಮೊದಲು ಕೂಡಿಸಬೇಕು ಎಂದು ಹೇಳಬೇಕು. ಆ ಕೆಲಸ ಅವರದು. ಹಾಗಾಗಿ ಎಲ್ಲರಿಗೂ ಅವರು ಸ್ಯಾಂಪಲ್ ಅಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಿಡ್ಡ ಆಳು, ಚುರುಕು ನಡಿಗೆ. ಕನ್ನಡಕಕ್ಕೆ ಜೀನ್ಸ್ ಹೊಲಿಯುವ ಹಳದಿ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿರುತ್ತಿದ್ದರು. ಹೊಲಿಗೆ ಸಮನಾಗಿದೆಯೋ ಇಲ್ಲವೋ ನೋಡಲು ಅದನ್ನು ಕೆಳತುಟಿಗೆ ಒತ್ತಿ ಸವರುತ್ತಿದ್ದರು. ಬೆರಳು ಸುಳ್ಳು ಹೇಳಬಹುದು, ತುಟಿ ಹೇಳಲ್ಲ ಅನ್ನುವರು.

ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಬ್ರೇಕ್ ಆಯಿಲ್ ಐತೇನಪ್ಪ?" ಎಂದು ಕೇಳಿದರು.

"ಬೈಕ್ ತಗೊಂಡೀರೇನ್ರಿ ಅಕ್ಕ?"

"ಇಲ್ಲ, ಕಾರಿಗೆ."

ನಾನು ನಕ್ಕೆ. ಅವರು ನಗಲಿಲ್ಲ. ಭಾನುವಾರ ಮನೆಗೆ ಬಂದು ನೋಡು ಎಂದರು.

ಕೋಟೆ ಬೆಟ್ಟದ ಹಿಂದಿನ ಓಣಿಯಲ್ಲಿ ಅವರದು ತಗಡಿನ ಮಾಡಿನ ಒಂದೇ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಹಳೇ ಸೀರೆ ಹಾಸಿ, ಅದರ ಮೇಲೊಂದು ಗೇಣುದ್ದದ ಕಾರು. ಐವತ್ತು ಅರವತ್ತು ವರ್ಷಗಳ ಹಿಂದೆ ಅಮೆರಿಕದ ರಸ್ತೆಗಳಲ್ಲಿ ಓಡುತ್ತಿದ್ದಂಥದ್ದು. ಉದ್ದನೆ ಮೂತಿ, ಹಿಂದುಗಡೆ ಎರಡು ಮೀನಿನ ರೆಕ್ಕೆ, ಮುಂದೆ ಹಲ್ಲು ಕಿರಿದಂತೆ ಜಾಲರಿ. ಪ್ಲಾಸ್ಟಿಕ್ಕಿನದು. ಆದರೆ ಬಾನೆಟ್ ಎತ್ತಿದರೆ ಒಳಗೆ ಎಂಜಿನ್ನು, ಎಂಜಿನ್ನಿಗೆ ತಂತಿ. ಆ ತಂತಿ ನಮ್ಮದೇ ಯೂನಿಟ್ಟಿನ ದಾರ ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಂಪರಿನ ಹೊಳಪಿಗೆ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಅಂಟಿಸಿದ್ದರು.

ಅದರ ಕಥೆ ಅವರೇ ಹೇಳಿದರು. ರಾಯದುರ್ಗಕ್ಕೆ ಬರುವ ಮೊದಲು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ದುಡಿದಿದ್ದರು. ಅಲ್ಲಿ ಮಕ್ಕಳ ಬಟ್ಟೆಯ ಫೋಟೋ ತೆಗೆಯಲು ತರಿಸಿದ್ದ ಆಟದ ಸಾಮಾನುಗಳಲ್ಲಿ ಒಂದು ಡಬ್ಬ, ಬಿಡಿಬಿಡಿ ತುಂಡುಗಳನ್ನು ಅಂಟಿಸಿ ಕಾರು ಕಟ್ಟುವಂಥದ್ದು. ಯಾರೋ ಅರ್ಧ ಅಂಟಿಸಿ, ಗೋಂದು ಮೆತ್ತಿ, ಕೈಬಿಟ್ಟು ಕಸಕ್ಕೆ ಎಸೆದಿದ್ದರು. ಇವರು ಎತ್ತಿಕೊಂಡರು. ಗೇಟಿನಲ್ಲಿ ತಡೆದರು. ಕಸವಾದರೂ ಚೀಟಿ ಬೇಕು. ಮ್ಯಾನೇಜರು "ಹಾಳಾದ ಆಟಿಕೆ, ಒಂದು" ಎಂದು ಬರೆದು ರುಜು ಹಾಕುವವರೆಗೆ ಒಂದು ಗಂಟೆ ಅಲ್ಲೇ ನಿಂತಿದ್ದರಂತೆ.

"ಅದ್ರಾಗಿದ್ದ ಹಾಳೆ ಪೂರಾ ಇಂಗ್ಲಿಷು. ನಂಗೆಲ್ಲಿ ಓದೋಕೆ ಬತ್ತೈತೆ? ಆದ್ರೆ ಚಿತ್ರ ಇತ್ತು, ನಂಬರ್ ಇತ್ತು. ಮುಂದಿನ ಭಾಗ, ಹಿಂದಿನ ಭಾಗ, ಮಗ್ಗುಲು. ನೋಡ್ದೆ, ಇದೂ ಪ್ಯಾಂಟ್ ಹೊಲ್ದಂಗೇ ಅನ್ನಿಸ್ತು."

ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡು ಬಂದಿರುತ್ತವೆ. ಅದನ್ನು ಅವರು ಬಳ್ಳಿ ಎನ್ನುತ್ತಿದ್ದರು. ಒಂದೊಂದನ್ನೇ ಕತ್ತರಿಸಿ ತೆಗೆಯುವುದಕ್ಕೆ "ಕಾಯಿ ಬಿಡಿಸೋದು". ಕಡಲೆಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಬೇರೆ ಮಾತು ಬೇಕಿರಲಿಲ್ಲ.

ಇದ್ದದ್ದು ಆ ಒಂದೇ ಕಾರು. ಅದನ್ನು ಕಟ್ಟಿದರು. ಬಾಗಿಲಿನ ಸಂದು ಸರಿಯಾಗಿಲ್ಲ ಎಂದು ಬಿಚ್ಚಿದರು. ಮತ್ತೆ ಕಟ್ಟಿದರು. ಬಣ್ಣ ದಪ್ಪವಾಯಿತು ಎಂದು ತೆಗೆದರು. ಪ್ಲಾಸ್ಟಿಕ್ಕಿಗೆ ಏಟಾಗದಂತೆ ಹಳೇ ಬಣ್ಣ ಎಬ್ಬಿಸಲು ಬ್ರೇಕ್ ಆಯಿಲ್ಲಿನಲ್ಲಿ ನೆನೆಸಿಡಬೇಕು ಎಂದು ಯಾರೋ ಹೇಳಿದ್ದರು. ನನ್ನ ಹತ್ತಿರ ಬಂದಾಗ ನಾಲ್ಕನೆಯ ಸಲ ಕಟ್ಟುತ್ತಿದ್ದರು. ನಮ್ಮ ಮಾಲೀಕರಿಗೆ ಈ ಸುದ್ದಿ ಹೇಗೋ ಮುಟ್ಟಿ, ತಮ್ಮ ಆಫೀಸಿನ ಗಾಜಿನ ಕಪಾಟಿನಲ್ಲಿ ಇಡೋಣ ಎಂದು ಕೇಳಿದರು. "ಇನ್ನೂ ಮುಗ್ದಿಲ್ಲ ಸಾರ್" ಎಂದರು ಅಕ್ಕ. ಮರುವರ್ಷ ಕೇಳಿದಾಗಲೂ ಅದೇ ಉತ್ತರ. ಮೂರನೆಯ ವರ್ಷ ಅವರು ಕೇಳಲಿಲ್ಲ.

ಗಂಡ ಬೆಂಗಳೂರಿನಲ್ಲೇ ಇನ್ನೊಂದು ಸಂಸಾರ ಹೂಡಿದ್ದರು. ಅದನ್ನು ನನಗೆ ಒಂದೇ ಒಂದು ಸಲ, ಬಸ್ಸಿನ ಟೈಮು ಹೇಳುವ ದನಿಯಲ್ಲಿ ಹೇಳಿದ್ದರು. ಮಕ್ಕಳಿರಲಿಲ್ಲ. ಸಾಲಿನಲ್ಲಿ ಜೇಬು ಹೊಲಿಯುವ ಒಬ್ಬಾಕೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ, "ಮಕ್ಕಳಿಲ್ದಾಕಿ, ಆಟದ ಸಾಮಾನು ಇಟ್ಕಂಡು ಕುಂತಾಳ" ಎಂದಳು. ನನಗೆ ತಡೆಯಲಾಗಲಿಲ್ಲ. ಸೂಪರ್‌ವೈಸರಿಗೆ ಹೇಳುತ್ತೇನೆ ಎಂದು ಎದ್ದೆ. ಅಕ್ಕ ಮುದ್ದೆ ಮುರಿಯುತ್ತಲೇ, "ಕೂತ್ಕೊ. ಒಣಗ್ಲಿ" ಎಂದರು. ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಅದು. ಬಣ್ಣಕ್ಕೂ ಅದೇ, ಗೋಂದಿಗೂ ಅದೇ, ಜಗಳಕ್ಕೂ ಅದೇ. ಹಸಿ ಇರುವಾಗ ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ. ಒಂದು ತಿಂಗಳಾದ ಮೇಲೆ ಅದೇ ಹೆಂಗಸು ಮಾವನ ಕನ್ನಡಕದ ಮುರಿದ ಕಡ್ಡಿ ಹಿಡಿದುಕೊಂಡು ಬಂದಳು. ಅಕ್ಕ ಅದನ್ನು ಅಂಟಿಸಿ, ಎರಡು ದಿನ ಒಣಗಲು ಬಿಟ್ಟು, ಕೊಟ್ಟರು.

ಹಲ್ಲಿನ ಡಾಕ್ಟರ ವಿಷಯ ಹೇಳಬೇಕು. ಅಕ್ಕನ ಜೀವನದಲ್ಲಿ ಅತಿ ಕಷ್ಟದ ಕೆಲಸ ಬಂದದ್ದು ಅವರಿಂದ.

ಒಂದು ದವಡೆ ಹಲ್ಲು ಕೀಳಿಸಲು ಅಕ್ಕ ಬಳ್ಳಾರಿಗೆ ಹೋದರು. ಡಾಕ್ಟರು ವಯಸ್ಸಾದವರು. ಅವರ ಕೋಣೆಯ ಕಪಾಟಿನಲ್ಲಿ ಇಂಥವೇ ಆರು ಕಾರುಗಳಿದ್ದವು. ಒಂದು ಮಾತ್ರ ಮುರಿದು, ಚೂರುಗಳ ಸಮೇತ ತಟ್ಟೆಯಲ್ಲಿತ್ತು. ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದ ಅಕ್ಕ ಕೈಸನ್ನೆಯಲ್ಲೇ ಅದೇನೆಂದು ಕೇಳಿದರು. ಡಾಕ್ಟರ ಅಣ್ಣ ಕಟ್ಟಿದ ಕಾರುಗಳು ಅವು. ಅಣ್ಣ ಹುಡುಗನಾಗಿದ್ದಾಗ ಬಳ್ಳಾರಿಯ ಗಣಿ ಮಾಲೀಕರೊಬ್ಬರ ಹತ್ತಿರ ಅಮೆರಿಕದ ಕಾರಿತ್ತಂತೆ, ತಿಳಿಹಸಿರು ಮೈ, ಕೆನೆಬಣ್ಣದ ಮಾಡು. ದೊಡ್ಡವರಾದ ಮೇಲೆ ಅದೇ ಕಾರಿನ ಡಬ್ಬ ಎಲ್ಲಿಂದಲೋ ತರಿಸಿ, ಅದೇ ಬಣ್ಣ ಹಚ್ಚಿ ಕಟ್ಟಿದರು. ಅಣ್ಣ ಹೋಗಿ ಬಹಳ ವರ್ಷವಾಗಿತ್ತು. ಕಪಾಟಿನ ಹಲಗೆ ಜಾರಿ ಬಿದ್ದಾಗ ಪೆಟ್ಟಾದದ್ದು ಆ ಕಾರಿಗೇ.

ಮುಂದಿನ ವಾರ ಅಕ್ಕ ತಮ್ಮ ಕಾರನ್ನು ಡಬ್ಬದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿದರು. ಆ ದಿನ ನಾನೂ ಯಂತ್ರದ ಬಿಡಿಭಾಗ ತರಲು ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಡಬ್ಬ ನೋಡಿ "ಏಮುಂದಮ್ಮಾ ದಾಂಟ್ಲೋ?" ಎಂದು, ಒಳಗೇನಿದೆ ಅಂತ ತೆಲುಗಿನಲ್ಲಿ ಕೇಳಿದ.

"ಕಾರು" ಎಂದರು ಅಕ್ಕ.

"ಕಾರಾ?"

"ಕಾರೇ."

ಅವನು ಟಿಕೆಟ್ ಹರಿದು ಕೊಟ್ಟ. ಬಳ್ಳಾರಿಯಲ್ಲಿ ಇಳಿದು ನಾನೂ ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಕನ್ನಡಕ ಬದಲಿಸಿ ಆ ಕಾರನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾನೆಟ್ ಎತ್ತಿದರು, ಮುಚ್ಚಿದರು. ಎದ್ದು ಹೋಗಿ ಮುರಿದ ಕಾರಿನ ತಟ್ಟೆ ತಂದು ಅಕ್ಕನ ಮುಂದಿಟ್ಟರು. "ಅಣ್ಣ ಹೆಂಗ ಮಾಡಿದ್ನೋ ಹಂಗೇ ಇರಲ್ರಿ ಅಮ್ಮ. ಹೊಸದು ಮಾಡಬ್ಯಾಡ್ರಿ" ಎಂದಷ್ಟೇ ಹೇಳಿದರು.

ಎರಡು ತಿಂಗಳು ಕೆಲಸ ಸಾಗಿತು. ಚಕ್ರ ಕೂತವು, ಮುರಿದ ರೆಕ್ಕೆ ಕೂತಿತು. ಕಾರಿನ ಮಾಡಿನಲ್ಲಿ ಒಂದು ಬಿರುಕಿತ್ತು. ಅದನ್ನು ಮುಚ್ಚಿ, ಆ ಜಾಗಕ್ಕೆ ಮಾತ್ರ ಕೆನೆಬಣ್ಣ ತಾಗಿಸಿ, ಕಿಟಕಿಯ ಮೂಲೆಯಲ್ಲಿ ಬುಟ್ಟಿ ಕವುಚಿ ಒಣಗಲು ಇಟ್ಟರು. ಏಪ್ರಿಲ್ ತಿಂಗಳು. ಆ ದಿನ ಯೂನಿಟ್ಟಿನಲ್ಲಿ ಅವಸರದ ಆರ್ಡರು, ಮಧ್ಯಾಹ್ನ ಮನೆಗೆ ಹೋಗಲಾಗಲಿಲ್ಲ. ಗಾಳಿಗೆ ಬುಟ್ಟಿ ಜಾರಿತ್ತು. ಸಂಜೆ ನಾನು ಅವರಿಗೆ ಉಜ್ಜುವ ಒಂದು ಸಣ್ಣ ಅರ ಕೊಡಲು ಜೊತೆಗೇ ಹೋಗಿದ್ದೆ. ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ ಸೆಕೆ. ಕಾರಿನ ಮಾಡಿನ ಎಡ ಅರ್ಧ ನೆರಳಿನಲ್ಲಿದ್ದು ಉಳಿದಿತ್ತು. ಬಲ ಅರ್ಧ ಬಿಸಿಲಿಗೆ ಸಿಕ್ಕಿ, ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತ್ತು.

ಅಕ್ಕ ಅದನ್ನು ಮುಟ್ಟಲಿಲ್ಲ. ನೆಲದ ಮೇಲೆ ಕೂತರು. ನನಗೆ ತೋಚಿದ್ದನ್ನು ಹೇಳಿದೆ. "ಡಾಕ್ಟರಿಗೆ ಈಗ್ಲೇ ಹೇಳಬ್ಯಾಡ್ರಿ ಅಕ್ಕ. ಸರಿ ಮಾಡಿ ಆಮ್ಯಾಲೆ ಹೇಳಿದ್ರಾತು."

"ಸರಿ ಹೋಗ್ಲಿಲ್ಲ ಅಂದ್ರೆ?"

ನಾನು ತಂದಿದ್ದ ಅರವನ್ನು ಮೇಜಿನ ಮೇಲಿಟ್ಟೆ.

"ಇದು ಅವರಣ್ಣನ ಕೈಕೆಲ್ಸ ಕಣಪ್ಪ. ನಾನು ಕೆಡ್ಸಿದೀನಿ. ಸುದ್ದಿ ಮೊದ್ಲು ಅವರಿಗೆ ಸೇರ್ಬೇಕು." ಎದ್ದು ಮುಖ ತೊಳೆದುಕೊಂಡರು. ಸುರುಟಿದ ಮಾಡಿನ ತುಂಡನ್ನು ಬಿಚ್ಚಿ ಊಟದ ಡಬ್ಬದಲ್ಲಿ ಹತ್ತಿಯ ಮೇಲೆ ಇಟ್ಟರು. ಬೆಳಿಗ್ಗೆ ರಜೆ ಹಾಕಿ ಬಳ್ಳಾರಿಗೆ ಹೊರಟರು. ನಾನೂ ಹೋದೆ. ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ.

ಡಾಕ್ಟರು ಡಬ್ಬ ತೆರೆದು ನೋಡಿದರು. ಮುಚ್ಚಳ ಹಾಕಿ, ಡಬ್ಬವನ್ನು ಮೆಲ್ಲಗೆ ಅಕ್ಕನ ಕಡೆ ಸರಿಸಿ, ಕಿಟಕಿಯ ಆಚೆ ನೋಡಿದರು. ಆಮೇಲೆ, "ಬಿಡ್ರಿ ಅಮ್ಮ, ಆದದ್ದಾತು. ಉಳಿದದ್ದು ಹೆಂಗೈತೋ ಹಂಗ ತಂದು ಕೊಟ್ಟುಬಿಡ್ರಿ" ಎಂದರು. ದನಿ ಒರಟಾಗಿರಲಿಲ್ಲ. ಒರಟಾಗಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಅಕ್ಕ ಆಮೇಲೆ ಹೇಳಿದರು.

"ಕೊಡಲ್ಲ" ಎಂದರು ಅಕ್ಕ. "ಮಾಡಿ ಕೊಡ್ತೀನಿ. ಮೂರು ತಿಂಗ್ಳು ಟೈಮ್ ಕೊಡಿ."

"ಎಲ್ಲಿಂದ ಮಾಡ್ತೀರಿ? ಆ ತುಂಡು ಈಗ ಎಲ್ಲೂ ಸಿಗಂಗಿಲ್ಲ."

"ನಾನೇ ಅಚ್ಚು ತಗೀತೀನಿ. ನಿಮ್ಮತ್ರ ಹಲ್ಲಿನ ಅಚ್ಚು ತೆಗೆಯೋ ಪುಡಿ ಐತಲ್ಲ ಸಾರ್, ಅದ್ರಾಗೆ ಒಂದಿಷ್ಟು ಕೊಡಿ."

ಯಾರ ವಸ್ತುವನ್ನು ಕೆಡಿಸಿದರೋ ಅವರ ಹತ್ತಿರವೇ ಸಾಮಾನು ಕೇಳುವ ಆ ಧೈರ್ಯ ನನಗಂತೂ ಇರುತ್ತಿರಲಿಲ್ಲ. ಡಾಕ್ಟರು ಕಾಂಪೌಂಡರನ್ನು ಕರೆದು, ಪುಡಿಯ ಒಂದು ಇಡೀ ಡಬ್ಬ ಕೊಡಿಸಿದರು. ಹಲ್ಲು ಕೆರೆಯುವ ಹಳೇ ಕೊಕ್ಕೆಗಳನ್ನೂ ಒಂದು ಹಿಡಿ ಕೊಟ್ಟರು.

ಅಕ್ಕನ ಲೆಕ್ಕಾಚಾರ ಹೀಗಿತ್ತು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಅರ್ಧ ಗುರುತು ಹಾಕಿ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಅಂಗಿ ಬರುತ್ತದೆ. ಎಡ ಅರ್ಧ ಕೈಯಲ್ಲಿದೆ. ಅದರ ಮೇಲೆ ಕಾಗದ ಹೊದಿಸಿ ಅಳತೆ ತೆಗೆದು, ಕಾಗದವನ್ನು ಮಗುಚಿದರೆ ಬಲ ಅರ್ಧ. ಆ ಅಳತೆಗೆ ಪುಡಿ ಕಲಸಿ ಗಟ್ಟಿ ಅಚ್ಚು ಮಾಡಿ, ಉಜ್ಜಿ, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಒತ್ತಬೇಕು. ಹೊಸ ಅರ್ಧವನ್ನು ಹಳೇ ಅರ್ಧಕ್ಕೆ ಕೂಡಿಸಬೇಕು. ಪೂರ್ತಿ ಹೊಸ ಮಾಡು ಮಾಡುವುದೇ ಸುಲಭ, ಹಾಗೇ ಮಾಡಿ ಎಂದೆ. "ಉಳ್ದಿರೋದನ್ನ ಯಾಕೆ ಎಸೀಲಿ?" ಎಂದರು.

ಬೋರ್ಡು ಬರೆಯುವ ಅಂಗಡಿಯಿಂದ ತೆಳ್ಳನೆ ಬಿಳಿ ಪ್ಲಾಸ್ಟಿಕ್ ಹಾಳೆ ತಂದೆವು. ಅದನ್ನು ಬಿಗಿಹಿಡಿಯಲು ನಾನು ಕಬ್ಬಿಣದ ಎರಡು ಚೌಕಟ್ಟು ಮಾಡಿ ಬೋಲ್ಟು ಹಾಕಿಕೊಟ್ಟೆ. ಪ್ರತಿ ಭಾನುವಾರ ಇದ್ದಿಲ ಒಲೆ ಹೊತ್ತಿಸಿ ಹಾಳೆ ಕಾಯಿಸುವುದು, ಜೋತುಬಿದ್ದ ತಕ್ಷಣ ಅಚ್ಚಿನ ಮೇಲೆ ಒತ್ತುವುದು. ಒಂದು ಹರಿಯಿತು. ಒಂದರಲ್ಲಿ ಗುಳ್ಳೆ ಎದ್ದವು. ಒಂದು ಮೂಲೆಯಲ್ಲಿ ಸುಕ್ಕುಗಟ್ಟಿತು. ಕೆಟ್ಟದ್ದನ್ನು ಅವರು ಎಸೆಯುತ್ತಿರಲಿಲ್ಲ. ಬಟ್ಟೆಗೆ ಗುರುತು ಹಾಕುವ ಪೆನ್ನಿನಿಂದ ಅದರ ಮೇಲೆ ಕಾರಣ ಬರೆದು ಗೋಡೆಗೆ ನೇತುಹಾಕುತ್ತಿದ್ದರು. "ಬಿಸಿ ಕಮ್ಮಿ." "ಅವಸರ." "ಅಚ್ಚು ಹಸಿ." ಒಂದರ ಮೇಲೆ "ಮಾತಾಡಿದ್ದು" ಎಂದಿತ್ತು. ಆ ಭಾನುವಾರ ನಾನು ನಮ್ಮ ಮನೆಯ ಜಗಳದ ಕಥೆ ಹೇಳುತ್ತ ಕೂತಿದ್ದೆ. ಮುಂದಿನ ವಾರದಿಂದ ಬಾಯಿ ಮುಚ್ಚಿಕೊಂಡು ಚೌಕಟ್ಟು ಹಿಡಿದೆ.

ಮೂರು ತಿಂಗಳು ಮುಗಿದರೂ ಕೆಲಸ ಮುಗಿಯಲಿಲ್ಲ. ಅಕ್ಕ ಬಳ್ಳಾರಿಗೆ ಹೋಗಿ, "ಇನ್ನೂ ಆಗಿಲ್ಲ ಸಾರ್, ಬಿಟ್ಟಿಲ್ಲ ಅಂತ ಹೇಳೋಕೆ ಬಂದೆ" ಎಂದು ಹೇಳಿ ಮುಂದಿನ ಬಸ್ಸಿಗೇ ವಾಪಸ್ಸಾದರು. ಡಾಕ್ಟರು ಒಂದು ಲೋಟ ಮಜ್ಜಿಗೆ ಕೊಡಿಸಿದರಂತೆ.

ದಸರಾ ಹತ್ತಿರ ಬಂದಾಗ ಒಂದು ಅರ್ಧ ಸರಿಯಾಗಿ ಎದ್ದಿತು. ಅದನ್ನು ಹಳೇ ಅರ್ಧಕ್ಕೆ ಕೂಡಿಸಿ, ಸಂದು ತುಂಬಿ, ಉಜ್ಜಲು ಇನ್ನೊಂದು ತಿಂಗಳು. ಉಜ್ಜುವುದು, ತುಟಿಗೆ ಒತ್ತುವುದು, ತಲೆಯಾಡಿಸುವುದು, ಮತ್ತೆ ಉಜ್ಜುವುದು. ಒಂದು ಸಂಜೆ ತುಟಿಯಿಂದ ತೆಗೆದವರೇ ತಲೆಯಾಡಿಸದೆ ಮೇಜಿನ ಮೇಲಿಟ್ಟರು. ಕೆನೆಬಣ್ಣ ಹಳೇ ಅರ್ಧದಲ್ಲಿ ಕಾಲಕ್ಕೆ ಮಾಸಿ ಹಳದಿಗೆ ತಿರುಗಿತ್ತು. ಹೊಸದಕ್ಕೂ ಅದೇ ಮಾಸಲು ಬರಲು ಬಣ್ಣಕ್ಕೆ ಚಹಾದ ಬಣ್ಣದ ಒಂದು ಹನಿ ಬೆರೆಸಿದರು.

ಕಾರು ತಲುಪಿಸಲು ಹೋದಾಗಲೂ ನಾನು ಜೊತೆಗಿದ್ದೆ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಒಯ್ದರು. ಮಾಡಿನ ಮೇಲೆ ಹೆಬ್ಬೆರಳು ಆಡಿಸಿದರು. "ಹೊಸಾದೇನ್ರಿ ಇದು ಪೂರ್ತಿ?"

"ಇಲ್ಲ ಸಾರ್. ಎಡಗಡೆ ನಿಮ್ಮಣ್ಣಂದು. ಬಲಗಡೆ ನಂದು. ಕೂಡಿರೋದು ಇಲ್ಲಿ ಬತ್ತೈತೆ, ಮುಂದಿನ ಗಾಜಿಂದ ಹಿಂದಿನ ಗಾಜಿನ ತಂಕ." ಕೊಕ್ಕೆಯ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. "ಹಿಂದ್ಗಡೆ ಒಂದು ಕೂದ್ಲಷ್ಟು ಎತ್ರ ಉಳ್ದೈತೆ. ಅದನ್ನ ತಗ್ಸೋಕೆ ಹೋದ್ರೆ ನಿಮ್ಮಣ್ಣನ ಬಣ್ಣ ಹೋಗ್ತಿತ್ತು, ಬಿಟ್ಟೆ."

"ನೀವು ಹೇಳದಿದ್ರ ನನಗ ಗೊತ್ತೇ ಆಗ್ತಿದ್ದಿಲ್ಲ."

"ಮುಂದೆ ಯಾರಾದ್ರೂ ರಿಪೇರಿಗೆ ಬಿಚ್ಚುದ್ರೆ ಅವ್ರಿಗೆ ಹೇಳೋಕೆ ನಿಮಗೆ ಗೊತ್ತಿರ್ಬೇಕಲ್ಲ."

ಡಾಕ್ಟರ ಹೆಬ್ಬೆರಳು ಎಡಭಾಗದ ಮೇಲೆಯೇ ನಿಂತಿತ್ತು. ಆಮೇಲೆ ಅವರು ಒಳಗೆ ಹೋಗಿ, ಅಟ್ಟದಿಂದ ಇಳಿಸಿದ್ದ ಎರಡು ಡಬ್ಬ ತಂದರು. ಸೀಲು ಒಡೆದಿರಲಿಲ್ಲ. "ಅಣ್ಣ ಕಟ್ಟಬೇಕಂತ ಇಟ್ಟಿದ್ದ. ಆಗಲಿಲ್ಲ. ನೀವು ಕಟ್ರಿ."

"ಯಾವ ಬಣ್ಣ ಹಾಕ್ಲಿ ಸಾರ್?"

"ನಿಮ್ಮ ಕಾರು. ನಿಮಗ್ಯಾವುದು ಬೇಕೋ ಅದು."

ಬಸ್ಸಿನಲ್ಲಿ ಅಕ್ಕ ಎರಡು ಡಬ್ಬವನ್ನೂ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು ಕೂತರು. ಬಸ್ಸು ಡಿ. ಹಿರೇಹಾಳ್ ದಾಟಿತು. ಆಮೇಲೆ ನನ್ನ ಕಡೆ ತಿರುಗಿ, "ಹಿಪ್ಪುನೇರಳೆ ಹಣ್ಣು ನೋಡಿದೀಯಾ? ಪೂರ್ತಿ ಹಣ್ಣಾಗೋಕೆ ಮುಂಚೆ ಒಂದು ಕೆಂಪು ಬತ್ತೈತೆ. ಆ ಬಣ್ಣ" ಎಂದರು. ಮೊದಲನೆಯದನ್ನು ಆ ಬಣ್ಣದಲ್ಲೇ ಕಟ್ಟಿದರು. ಅದಕ್ಕೆ ಸರಿಯಾದ ಕೆಂಪು ಸಿಗಲು ಒಂದು ವರ್ಷ ಹುಡುಕಿದರು.

ಆಮೇಲೆ ಆರ್ಡರುಗಳು ಇಳಿದವು. ನಮ್ಮ ಯೂನಿಟ್ಟು ಎರಡು ಪಾಳಿಯಿಂದ ಒಂದಕ್ಕೆ ಬಂತು, ಕೊನೆಗೆ ಬಾಗಿಲು ಹಾಕಿತು. ಅಕ್ಕ ಮೇಜು, ಕೊಕ್ಕೆ, ಕಾರುಗಳನ್ನು ಕಟ್ಟಿಕೊಂಡು ತಮ್ಮನ ಊರಿಗೆ ಹೋದರು. ಅಲ್ಲಿ ಹಳ್ಳಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ವರ್ಷಕ್ಕೊಮ್ಮೆ ಫೋನಿನಲ್ಲಿ ಎರಡನೆಯ ಡಬ್ಬದ ಸುದ್ದಿ ಹೇಳುವರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಯಿತು, ಮತ್ತೆ ಶುರು ಮಾಡಿದೆ. ಅದಕ್ಕಿಂತ ಹೆಚ್ಚು ಮಾತಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು ಹೋದೆ. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ದಾಟಿ ಹಳ್ಳಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ಅವರ ತಮ್ಮನ ಹೆಂಡತಿ ನನ್ನನ್ನು ಒಳಗೆ ಕರೆದರು. ಐವತ್ತರ ಆಸುಪಾಸಿನ ಹೆಂಗಸು, ರೇಷ್ಮೆ ಹುಳು ಸಾಕುವವರು. ಹುಳುವಿನ ತಟ್ಟೆಗಳಿರುವ ಕೋಣೆಯ ಪಕ್ಕದಲ್ಲಿ ಅಕ್ಕನ ಮೇಜು. ಎರಡನೆಯ ಡಬ್ಬದ ಕಾರು ಮುಕ್ಕಾಲು ಪಾಲು ಮುಗಿದಿತ್ತು. ನಾನು ಎತ್ತಿಕೊಳ್ಳಲು ಹೋದೆ.

"ಕೈ ತೊಳ್ಕೊಂಡ್ ಬನ್ನಿ ಸಾರ್. ಊಟದ ಎಣ್ಣೆ ಹತ್ತಿದ್ರೆ ಬಣ್ಣ ಹಿಡಿಯಲ್ಲ."

ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಅವರು ಸೆರಗು ಸಿಕ್ಕಿಸಿ ಮೇಜಿನ ಮುಂದೆ ಕೂತಿದ್ದರು. ಹಿಂದಿನ ಡಿಕ್ಕಿಯ ಮುಚ್ಚಳವನ್ನು ಅದರ ಜಾಗಕ್ಕೆ ಹಿಡಿದು ನನಗೆ ತೋರಿಸಿದರು. ಒಂದು ಬದಿ ಎದ್ದು ನಿಲ್ಲುತ್ತಿತ್ತು.

"ಅಕ್ಕ ಹೋಗೋ ಮುಂಚೆ ಇಲ್ಲೀ ತಂಕ ಮಾಡಿದ್ರು. ಚಕ್ರ ನಾಕೂ ಮೊನ್ನೆ ನಾನು ಕೂರ್ಸಿದೀನಿ. ಇದು ಮಾತ್ರ ಕೂರ್ತಿಲ್ಲ."

"ಅಕ್ಕ ನಿಮಗೆ ಕಲಿಸಿದ್ರೇನ್ರಿ?"

"ಕಲ್ಸೋದೇನು, ಪಕ್ಕದಾಗೆ ಕೂತು ಸೊಪ್ಪು ಹೆಚ್ತಾ ಇದ್ದೆ. ಕಣ್ಣಿಗೆ ಬೀಳ್ತಿತ್ತು. ಈಗ ಅರ್ಧಕ್ಕೆ ಬಿಟ್ರೆ ದಿನಾ ಕಣ್ಣಿಗೆ ಚುಚ್ತೈತೆ."

ನಾನು ಬಗ್ಗಿ ನೋಡಿದೆ. ಮುಚ್ಚಳ ಕೂರುವ ಎರಡು ಪ್ಲಾಸ್ಟಿಕ್ ಮೊಳೆಗಳಲ್ಲಿ ಬಲಗಡೆಯದು ಒಂದಿಷ್ಟು ದಪ್ಪವಿತ್ತು. ಯಂತ್ರದ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ನೋಡುವಂಥದ್ದು. "ಆ ಸಣ್ಣ ಅರ ಕೊಡ್ರಿ, ಒಂದು ನಿಮಿಷದ ಕೆಲಸ" ಎಂದು ಕೈ ಚಾಚಿದೆ.

ಅವರು ಅರವನ್ನು ಎತ್ತಿಕೊಂಡರು. ನನಗೆ ಕೊಡಲಿಲ್ಲ.

"ಎಲ್ಲಿ ಅಂತ ಬಾಯಲ್ಲಿ ಹೇಳಿ ಸಾರ್. ನಾನೇ ಉಜ್ತೀನಿ."

ಬಲಗಡೆಯ ಮೊಳೆ, ಕೆಳಗಿನ ಮೈ, ಎರಡೇ ಎಳೆತ ಎಂದೆ. ಅವರು ಉಸಿರು ಹಿಡಿದು ಒಂದು ಸಲ ಎಳೆದರು, ಊದಿದರು, ಮತ್ತೊಂದು ಸಲ ಎಳೆದರು. ಮೂರೂವರೆಯ ಬಸ್ಸು ಊರ ಮುಂದೆ ಹಾರನ್ ಹಾಕಿ ಹೋಯಿತು. ಇನ್ನೊಂದು ಐದೂವರೆಗೆ ಇದೆ ಎಂದು ಅವರು ತಲೆ ಎತ್ತದೆಯೇ ಹೇಳಿದರು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.